ಮೊದಲು ಕೈ ನೋಡು

ನಮ್ಮ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಹೈಸ್ಕೂಲಿನ ಪಾಠ ಒಂದೂ ನೆನಪಾಗಲಿಲ್ಲ. ನೆನಪಾಗಿದ್ದು ಅವರ ಒಂದು ಮಾತು: "ಮುಖ ಆಮೇಲೆ. ಮೊದಲು ಕೈ ನೋಡು."

ಒಂದು ದಿನ ಅವರು ಕ್ಲಾಸಿಗೆ ಬರುವುದು ತಡವಾಯಿತು. ಗಲಾಟೆ ಮಾಡುವ ಹಾಗಿರಲಿಲ್ಲ. ನಾನೇ ಆಟ ಹೂಡಿದೆ: ಬಾಯಿ ಬಿಡದೆ ಪೆನ್ನಿನ ವ್ಯಾಪಾರ. ನಾನು ಐದು ಬೆರಳು ತೋರಿಸಿದೆ. ಗೆಳೆಯ ಮೂರು ಮಡಚಿದ. ಅಸಲೂ ಗಿಟ್ಟಲ್ಲ ಅಂತ ನಾನು ಎದೆ ಮೇಲೆ ಕೈಯಿಟ್ಟೆ. ಅವನು ಬೇಡವೇ ಬೇಡ ಅಂತ ಕೈ ಕೊಡವಿದ. ಎಲ್ಲರೂ ನಗು ತಡೆದುಕೊಂಡು ಕೂತಿದ್ದರು. ನೋಡಿದರೆ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದಾರೆ! ಬೈಯಲಿಲ್ಲ. "ಹಾಗೇ ಇರಿ, ಕೈ ಅಲ್ಲಾಡಿಸಬೇಡಿ" ಅಂದರು. ಪೀರಿಯಡ್ ಮುಗಿಯುವ ತನಕ ಉಳಿದವರೆಲ್ಲ ನಮ್ಮ ಕೈಗಳನ್ನೇ ಬರೆದರು.

ಮುಂದಿನ ಕ್ಲಾಸಿಗೆ ಅವರು ತಂದದ್ದು ಇಟಲಿಯ ಪಾಂಪೇಯಿಯಲ್ಲಿ ಜೂಲಿಯಾ ಫೆಲಿಕ್ಸ್ ಎಂಬಾಕೆಯ ಮನೆಯಲ್ಲಿದ್ದ ಭಿತ್ತಿಚಿತ್ರದ ಪ್ರತಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಊರು ಅದು. ಚಿತ್ರದ ತುಂಬ ಸಂತೆ. ವ್ಯಾಪಾರಿಗಳು ಬಟ್ಟೆ ಹಿಡಿದು ತೋರಿಸುತ್ತಾರೆ, ಹೆಂಗಸರು ಕೂತು ನೋಡುತ್ತಾರೆ. ಬಣ್ಣ ಮಾಸಿ ಮುಖಗಳು ಸರಿಯಾಗಿ ಕಾಣುವುದಿಲ್ಲ. ಆದರೂ ಯಾರು ಮಾರುವವರು, ಯಾರು ಕೊಳ್ಳುವವರು ಅಂತ ಗೊತ್ತಾಗುತ್ತದೆ. ಕೈ ಹೇಳಿಬಿಡುತ್ತದೆ, ಅಲ್ವಾ? ಅದೇ ಚಿತ್ರಸಾಲಿನಲ್ಲಿ ಒಬ್ಬ ಹುಡುಗನಿಗೆ ಮೇಷ್ಟ್ರ ಏಟು ಬೀಳುವ ದೃಶ್ಯವೂ ಇದೆ. ಅದನ್ನು ನನಗೆ ತೋರಿಸಿ, "ನಿನ್ನ ಪುಣ್ಯ, ನಾನು ಈ ಮೇಷ್ಟ್ರಲ್ಲ" ಅಂದರು.

ಆಮೇಲೆ ಡಚ್ ಚಿತ್ರಕಾರ ಮೆಟ್ಸು ಬರೆದ ಆಮ್‌ಸ್ಟರ್‌ಡ್ಯಾಮಿನ ತರಕಾರಿ ಮಾರುಕಟ್ಟೆ ತೋರಿಸಿದರು. ಸೊಂಟಕ್ಕೆ ಕೈಕೊಟ್ಟು ಜಗಳಕ್ಕೆ ನಿಂತ ಹೆಂಗಸನ್ನು ನಾವೆಲ್ಲ ಎದ್ದು ನಿಂತು ಅನುಕರಿಸಬೇಕಿತ್ತು. ನಿಂತು ನೋಡಿದಾಗಲೇ ತಿಳಿಯಿತು, ಆ ಭಂಗಿಯಲ್ಲಿ ಸೋಲೊಪ್ಪುವುದು ಕಷ್ಟ. ಇಟಲಿಯ ನೇಪಲ್ಸಿನ ಆಂದ್ರೆಯಾ ದೆ ಯೋರಿಯೊ ಎಂಬ ಪಾದ್ರಿ ಇದೇ ದಾರಿ ಹಿಡಿದಿದ್ದರಂತೆ. ತಮ್ಮೂರಿನ ಜನರ ಕೈಸನ್ನೆಗಳನ್ನು ಗಮನಿಸಿ, ಹಳೆಯ ಪಾತ್ರೆಗಳ ಮೇಲಿನ ಚಿತ್ರಗಳ ಕೈಗಳಿಗೆ ಅರ್ಥ ಹಚ್ಚಿ, 1832ರಲ್ಲಿ ಪುಸ್ತಕ ತಂದರು. ಮೇಷ್ಟ್ರಿಗೆ ಅವರೆಂದರೆ ಪ್ರಾಣ.

ಈಗ ಕ್ಲಾಸಿನಲ್ಲಿ ಪರದೆ ಇದೆ, ಚಿತ್ರ ಕ್ಷಣಕ್ಕೊಂದು ಬದಲಾಗುತ್ತದೆ. ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಒಂದೇ ಚಿತ್ರದ ಮುಂದೆ ಮುಕ್ಕಾಲು ಗಂಟೆ ಕೂರಿಸುವವರು ಮಕ್ಕಳಿಗೆ ಬೇಕು.

ನಾನೀಗ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ನನ್ನ ಚಿತ್ರಗಳಲ್ಲಿ ಕೈಗಳು ಮಾತಾಡುತ್ತವೆ ಅಂತ ಸಂಪಾದಕರು ಹೇಳಿದಾಗಲೆಲ್ಲ ಹೆಮ್ಮೆಯಾಗುತ್ತದೆ, ಆ ಹೆಮ್ಮೆಯಲ್ಲಿ ಮೇಷ್ಟ್ರಿಗೂ ಪಾಲಿದೆ. ಅವರು ಕೂಡಿಟ್ಟ ಚಿತ್ರಗಳ ಕಟ್ಟು ಶಾಲೆಯ ಬೀರುವಿನಲ್ಲೇ ಇದೆಯಂತೆ. ಶಾಲೆಯವರು ದಯವಿಟ್ಟು ಹೊರಗೆ ತೆಗೆಸಿ, ಮಕ್ಕಳ ಕಣ್ಣಿಗೆ ಬೀಳುವ ಕಡೆ ಹಾಕಿಸಿ. ಚೌಕಟ್ಟಿನ ಖರ್ಚು ನಮ್ಮ ಬ್ಯಾಚಿನದು.