ಮೊದಲ ಬೋಗಿಯ ಮುಂದೆ ನಿಂತವರು

"ಅವರಿಗೆ ದಾರಿ ಕಾಣುವುದಿಲ್ಲ. ನಾನು ನೋಡುತ್ತೇನೆ."

ಊಟಿಯಿಂದ ಬಂದು ನಾಲ್ಕು ದಿನವಾಯಿತು, ಈ ಮಾತು ಕಿವಿ ಬಿಟ್ಟು ಹೋಗಿಲ್ಲ.

ಮೆಟ್ಟುಪಾಳ್ಯದಿಂದ ಹೊರಡುವ ನೀಲಗಿರಿ ರೈಲಿನಲ್ಲಿ ಉಗಿ ಎಂಜಿನ್ ಹಿಂದಿನಿಂದ ಬೋಗಿಗಳನ್ನು ದೂಡುತ್ತದೆ. ಕಲ್ಲಾರ್ ದಾಟಿದ ಮೇಲೆ ಹನ್ನೆರಡೂವರೆ ಅಡಿಗೆ ಒಂದು ಅಡಿಯಷ್ಟು ಏರು. ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಎಂಜಿನ್ನಿನ ಹಲ್ಲುಚಕ್ರ ಕಚ್ಚಿ ಕಚ್ಚಿ ಮೇಲೇರುತ್ತದೆ. ಇಳಿಜಾರಿನ ಕಡೆ ಎಂಜಿನ್ ಇದ್ದರೆ ಬೋಗಿಗಳಿಗೆ ಅದೇ ತಡೆ, ಅಷ್ಟು ಅರ್ಥವಾಯಿತು. ಆದರೆ ಚಾಲಕರಿಗೆ ಮುಂದೇನಿದೆ ಎಂದು ತಿಳಿಯುವುದು ಹೇಗೆ? ಹಿಲ್‌ಗ್ರೋವ್ ನಿಲ್ದಾಣದಲ್ಲಿ ಎಂಜಿನ್‌ಗೆ ನೀರು ತುಂಬಿಸುತ್ತಿದ್ದಾಗ, ಮೊದಲ ಬೋಗಿಯ ಮುಂತುದಿಯ ಪುಟ್ಟ ಕಟ್ಟೆಯಲ್ಲಿ ನಿಂತಿದ್ದ ಬ್ರೇಕ್‌ಮನ್ನರನ್ನು, ಎಂದರೆ ಬೋಗಿಯ ಬ್ರೇಕ್ ನೋಡಿಕೊಳ್ಳುವವರನ್ನು, "ಅಣ್ಣಾ" ಎಂದು ಕರೆದು ಕೇಳಿದೆ. ನನ್ನದು ಕನ್ನಡ, ಅವರದು ತಮಿಳು. ಕೈಯಲ್ಲಿದ್ದ ಬಾವುಟ ತುಸು ಎತ್ತಿ ಅವರು ಹೇಳಿದ್ದು ಮೊದಲು ಬರೆದ ಆ ಎರಡು ಮಾತು, ಅಷ್ಟೇ.

ಆಮೇಲೆ ನನಗೆ ಕಣಿವೆ, ಜಲಪಾತ ಯಾವುದೂ ನೆಟ್ಟಗೆ ಕಾಣಲಿಲ್ಲ. ಅವರ ಬಾವುಟವನ್ನೇ ನೋಡುತ್ತಿದ್ದೆ. ಅವರು ತೋರಿಸಿದ್ದನ್ನು ಹಿಂದಿನ ಬೋಗಿಯ ಬ್ರೇಕ್‌ಮನ್ ನೋಡಿ ತಾವೂ ತೋರಿಸುತ್ತಾರೆ. ಹಾಗೆ ಕೈಯಿಂದ ಕೈಗೆ ಸಾಗಿ ಅದು ಚಾಲಕರಿಗೆ ತಲುಪುತ್ತದೆ. ನನ್ನ ಪಕ್ಕದವರೊಬ್ಬರು ಮಾತ್ರ, ಕಾರಿನಲ್ಲಿ ಬಂದಿದ್ದರೆ ಇಷ್ಟರಲ್ಲಿ ಊಟಿ ಸುತ್ತಿ ಮುಗಿಸುತ್ತಿದ್ದೆವು ಎಂದು ದಾರಿಯುದ್ದಕ್ಕೂ ಗೊಣಗಿದರು. 46 ಕಿಲೋಮೀಟರಿಗೆ ಸುಮಾರು ಐದು ಗಂಟೆ ಹೆಚ್ಚೇ, ನಿಜ. ಆದರೆ ತಮಗಾಗಿ ಎದುರಿಗೆ ನಿಂತು ದಾರಿ ನೋಡುತ್ತಿದ್ದವರ ಕಡೆ ಅವರು ಒಮ್ಮೆಯೂ ತಲೆಯೆತ್ತಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಮರುದಿನ ಇಳಿದು ಬಂದು ಮೆಟ್ಟುಪಾಳ್ಯ ನಿಲ್ದಾಣದ ವಸ್ತುಸಂಗ್ರಹಾಲಯದಲ್ಲಿ ಬಹಳ ಹೊತ್ತು ಕಳೆದೆ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಗೆ ಬಂದ ಹಳಿ ಇದು. ಹದಿನಾರು ಸುರಂಗ, 250 ಸೇತುವೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದ ಎಂಜಿನ್‌ಗಳು, 2005ರಲ್ಲಿ ಸಿಕ್ಕ ಯುನೆಸ್ಕೊ ಮನ್ನಣೆ: ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೂ ಹಳೆಯ ಚಿತ್ರಗಳಲ್ಲಿ ನಾನು ಹುಡುಕಿದ್ದು ಬೋಗಿಯ ಮುಂದೆ ಬಾವುಟ ಹಿಡಿದ ಮನುಷ್ಯನನ್ನು. ಎಂಜಿನ್ನಿನ ವಯಸ್ಸು ನಾವು ಲೆಕ್ಕ ಹಾಕುತ್ತೇವೆ. ನೂರು ವರ್ಷಕ್ಕೂ ಮಿಕ್ಕಿ ಆ ಕಟ್ಟೆಯಲ್ಲಿ ಮಳೆ, ಮಂಜು, ಹೊಗೆಗಳಲ್ಲಿ ನಿಂತವರೆಷ್ಟು ಜನ?

ಹಿಲ್‌ಗ್ರೋವ್‌ನಿಂದ ಹೊರಟಾಗ ಅವರು ಹಿಂದಿರುಗಿ ನೋಡಲಿಲ್ಲ. ಕಣ್ಣು ಹಳಿಯ ಮೇಲಿತ್ತು. ಹಸಿರು ಬಾವುಟ ಹಿಡಿದ ಕೈಯನ್ನಷ್ಟೇ ಹೊರಗೆ ಚಾಚಿದರು. ಹಿಂದೆ, ದೂರದಲ್ಲಿ, ಎಂಜಿನ್ ಕೂಗಿತು.