ಕೈಕೇಯಿಗೆ ಅಪ್ಪ ಇರ್ಲಿಲ್ಲೇನು?

“ಕೊಂಡಿಗೆ ಪಿನ್ ಚುಚ್ಚಬ್ಯಾಡೋ. ಒಂದು ಎಳೆ ಹರಿದ್ರ ಸೆರಗೇ ಬಿಟ್ಟು ಬರ್ತೈತಿ,” ಎಂದು ಅವ್ವ ಮಂಚದ ಮೇಲಿಂದಲೇ ಕೂಗಿದಳು. ಪಿನ್ನು ಹಿಡಿದಿದ್ದ ಕೈಯನ್ನು ನಾನು ಹಿಂದಕ್ಕೆ ತೆಗೆದೆ.

ಅದು ಅವ್ವನ ಮದುವೆಯ ಸೀರೆ. ಒಂಬತ್ತು ಗಜದ ಇಳಕಲ್. ದಾಳಿಂಬೆ ಬಣ್ಣದ ಒಡಲು, ಟೋಪ್ ತೆನಿ ಅನ್ನೋ ವಿನ್ಯಾಸದ ಕೆಂಪು ರೇಷ್ಮೆಯ ಸೆರಗು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದ ಉದ್ದನೆಯ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿರುತ್ತಾರೆ. ಅದಕ್ಕೇ ಕೊಂಡಿ ಅನ್ನೋದು. ಹತ್ತಿರದಿಂದ ನೋಡಿದರೆ ಒಡಲು ಮುಗಿದು ಸೆರಗು ಶುರುವಾಗೋ ಕಡೆ ಸಣ್ಣ ಸಾಲೊಂದು ಕಾಣಿಸುತ್ತದೆ. ನಲವತ್ತು ದಾಟಿದ ಮೇಲೆ ನಾನು ಅದನ್ನು ಮೊದಲ ಸಲ ಸರಿಯಾಗಿ ನೋಡಿದೆ.

ಅವತ್ತು ಮಗಳ ಶಾಲೆಯ ಗ್ಯಾದರಿಂಗ್. ನಮ್ಮ ಬಾಗಲಕೋಟೆ ಕಡೆ ವಾರ್ಷಿಕೋತ್ಸವಕ್ಕೆ ಹಾಗೇ ಅನ್ನೋದು. ಒಂಬತ್ತನೇ ಕ್ಲಾಸಿನವರದು ರಾಮಾಯಣದ ನಾಟಕ. ನನ್ನ ಮಗಳು ಕೈಕೇಯಿ. ಅವರಮ್ಮ ನೆರಿಗೆ ಹಿಡಿದಿದ್ದಳು. ಗುಳೇದಗುಡ್ಡದ ಖಣದ ಕುಪ್ಪಸ ಭುಜದಲ್ಲಿ ಸ್ವಲ್ಪ ದೊಡ್ಡದಾಗಿತ್ತು, ಅದನ್ನು ಒಳಗಿಂದ ಟಾಕಿ ಹಾಕಿ ಸರಿ ಮಾಡಿದ್ದಾಯಿತು. ಮಗಳು ಕನ್ನಡಿ ಮುಂದೆ ಸುಮ್ನೆ ನಿಂತಿದ್ದಳು. ಅವಳು ಸುಮ್ನೆ ನಿಲ್ಲೋದೇ ಅಪರೂಪ.

ಈ ಪಾತ್ರ ಬೇಡ ಅಂತ ಎಲ್ಲರಿಗಿಂತ ಜೋರಾಗಿ ಹೇಳಿದವಳು ಅವ್ವ. “ಮದುವಿ ಆಗೂ ಹುಡುಗಿಗೆ ಕೈಕೇಯಿ ಅನ್ನೂ ಹೆಸರು ಹತ್ತಿದ್ರ ಹೋಗಾಂಗಿಲ್ಲ,” ಅನ್ನೋದು ಅವಳ ಮಾತು. ಹುಡುಗಿಗೆ ಇನ್ನೂ ಹದಿನಾಲ್ಕು. ಆದರೆ ಅವ್ವನ ಭಯ ಸುಳ್ಳಾಗಿರಲಿಲ್ಲ. ಪಾತ್ರ ಹಂಚಿದ ವಾರದಲ್ಲೇ ಓಣಿಯ ಹುಡುಗರು “ಕೈಕೇಯಿ ಬಂದ್ಲು, ಕೈಕೇಯಿ ಬಂದ್ಲು” ಅನ್ನೋಕೆ ಶುರು ಮಾಡಿದ್ದರು. ಸೀತೆ ಆದ ಹುಡುಗಿಯನ್ನು ಯಾರೂ ಸೀತಾ ಅಂತ ಕರೆಯಲಿಲ್ಲ. ಒಳ್ಳೆಯ ಹೆಸರು ಅಷ್ಟು ಬೇಗ ಅಂಟಲ್ಲ, ಅಲ್ವಾ?

ನನ್ನ ಮಗಳ ದನಿ ದೊಡ್ಡದು. ಎತ್ತರ ಜಾಸ್ತಿ. ತಪ್ಪು ಕಂಡರೆ ತಡೆಯೋದಿಲ್ಲ, ಅಲ್ಲೇ ಹೇಳಿಬಿಡುತ್ತಾಳೆ. ಇಂಥ ಹುಡುಗಿಯರಿಗೆ ನಮ್ಮಲ್ಲಿ ಹೆಸರುಗಳು ಮೊದಲೇ ತಯಾರಿರುತ್ತವೆ. ಗಯ್ಯಾಳಿ, ಬಜಾರಿ, ಬಾಯಿಬಡಕಿ. ಹಾಗೆ ಕರೆದವರಲ್ಲಿ ನಾನೂ ಒಬ್ಬ. ಅದನ್ನು ಮುಚ್ಚಿಟ್ಟು ಈ ಬರಹ ಮುಂದೆ ಹೋಗೋದಿಲ್ಲ.

ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಟ್ರಿಪ್ಪಿಗೆ ಅಂತ ಕೂಡಿಸಿದ್ದ ದುಡ್ಡು ಕಳೆಯಿತು. ಬ್ಯಾಗಿನ ಹತ್ತಿರ ಇವಳನ್ನು ನೋಡಿದೆ ಅಂತ ಯಾರೋ ಹೇಳಿದರು. ಶಾಲೆಯಿಂದ ಫೋನ್ ಬಂತು. ನಾನು ಪಿಗ್ಮಿ ಏಜೆಂಟ್. ಬೆಳಗ್ಗೆಯಿಂದ ರಾತ್ರಿ ಒಂಬತ್ತರವರೆಗೆ ಅಂಗಡಿ ಅಂಗಡಿ ತಿರುಗಿ, ಐವತ್ತು ನೂರು ಎಣಿಸಿ, ಮಷಿನ್‌ನಲ್ಲಿ ರಸೀದಿ ಕೊಡೋನು. ನಂಬಿಕೆಯ ಮೇಲೇ ನನ್ನ ಹೊಟ್ಟೆ ನಡೆಯೋದು. ನನ್ನ ಮಗಳ ಮೇಲೆ ದುಡ್ಡಿನ ಮಾತು ಬಂತು ಅಂದ ಕೂಡಲೇ ತಲೆ ಕೆಟ್ಟಿತು. ಮನೆಗೆ ಬಂದವನು ಏನಾಯ್ತು ಅಂತ ಒಂದು ಮಾತು ಕೇಳಲಿಲ್ಲ. “ನಿನ್ನ ಬಾಯಿ ನೋಡಿದ್ರ ಯಾರಿಗಾದ್ರೂ ನಿನ್ನ ಮ್ಯಾಲೇ ಅನುಮಾನ ಬರ್ತೈತಿ,” ಅಂದೆ. ಅವಳು ಅಳಲಿಲ್ಲ. ಮಾತು ನಿಲ್ಲಿಸಿದಳು.

ನಾಲ್ಕು ದಿನ ಬಿಟ್ಟು ಆ ದುಡ್ಡು ಇನ್ನೊಬ್ಬ ಹುಡುಗಿಯ ಕಂಪಾಸ್ ಬಾಕ್ಸಿನಲ್ಲಿ ಮಡಚಿಟ್ಟ ಹಾಗೇ ಸಿಕ್ಕಿತು. ಇಟ್ಟವಳೇ ಮರೆತಿದ್ದಳು. ಯಾರೂ ನನ್ನ ಮಗಳ ಹತ್ತಿರ ತಪ್ಪಾಯ್ತು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಸಿಕ್ಕಿತಲ್ಲ, ಮುಗೀತು ಅಂದುಕೊಂಡೆ.

ಎರಡು ತಿಂಗಳಿಗೆ ನನಗೆ ಎದೆನೋವು ಬಂತು. ಹಳೇ ಊರಿನ ಮಾರ್ಕೆಟ್‌ನಲ್ಲಿ, ಕಿರಾಣಿ ಅಂಗಡಿಯೊಂದರ ಕಟ್ಟೆ ಮೇಲೆ ಕೂತವನು ಏಳಲಿಲ್ಲ. ಬೆಳಗಾವಿಗೆ ಒಯ್ದರು, ಎರಡು ಸ್ಟೆಂಟ್ ಹಾಕಿದರು. ಡಿಸ್ಚಾರ್ಜ್ ದಿನ ಡಾಕ್ಟರು “ಇದು ನಿಮಗ ಮರುಜನ್ಮ ಅಂತ ತಿಳ್ಕೊಳ್ರಿ,” ಅಂದರು. ಎಷ್ಟೋ ಜನರಿಗೆ ಹೇಳಿದ ಮಾತಿರಬಹುದು. ನಾನು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಮ್ಮೂರೇ ಹಾಗಲ್ವಾ? ಆಲಮಟ್ಟಿಯ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿದವು. ನಾನು ಹುಟ್ಟಿದ ಮನೆಯೂ ಹೋಯಿತು. ಜನ ನವನಗರದ ಸೆಕ್ಟರುಗಳಿಗೆ ಬಂದು ಮತ್ತೆ ಬಾಗಿಲಿಗೆ ತೋರಣ ಕಟ್ಟಿದರು. ಎರಡನೇ ಸಲ ಬದುಕೋದು ನಮಗೆ ಹೊಸದೇನಲ್ಲ.

ಅರ್ಧ ಲೈನ್ ಬೇರೆ ಏಜೆಂಟನಿಗೆ ಬಿಟ್ಟುಕೊಟ್ಟೆ. ಎರಡು ತಿಂಗಳು ಮನೆಯಲ್ಲೇ ಇದ್ದೆ. ಮಗಳು ಶಾಲೆಯಿಂದ ಬಂದವಳು ನನ್ನ ಮಂಚದ ತುದಿಗೆ ಕೂತು ಅವರಮ್ಮನ ಫೋನಿನಲ್ಲಿ ಏನೋ ಓದುತ್ತಿದ್ದಳು. ಚಿತ್ರದ ಕಥೆ. ಏನದು ಅಂತ ಒಂದು ದಿನ ಕೇಳಿದೆ. ಹೇಳಲೋ ಬೇಡವೋ ಅಂತ ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು.

ಜಪಾನಿನಲ್ಲಿ ಇಂಥ ಕಥೆಗಳ ಒಂದು ದೊಡ್ಡ ಪಂಗಡವೇ ಇದೆಯಂತೆ. ಇಸೆಕಾಯ್ ಅಂತಾರೆ, ಅಂದರೆ ಬೇರೆ ಲೋಕ. ಈ ಲೋಕದಲ್ಲಿ ಸತ್ತವರು, ಎಷ್ಟೋ ಸಲ ಲಾರಿ ಬಡಿದು ಸತ್ತವರು, ತಾವು ಓದಿದ ಕಥೆಯೊಳಗೋ ಆಡಿದ ಗೇಮಿನೊಳಗೋ ಹುಟ್ಟುತ್ತಾರೆ. ಆ ಕಥೆಯಲ್ಲಿ ಒಬ್ಬ ನಾಯಕಿ, ಒಬ್ಬ ರಾಜಕುಮಾರ, ಅಡ್ಡ ಬರೋ ಒಬ್ಬ ಶ್ರೀಮಂತರ ಮಗಳು. ಅಕುಯಾಕು ರೇಜೋ ಅಂತ ಅವಳ ಹೆಸರು, ಅಂದರೆ ಕೆಟ್ಟವಳ ಪಾತ್ರದ ಹುಡುಗಿ. ಅವಳ ಗತಿ ಮೊದಲೇ ಬರೆದಿರುತ್ತದೆ. ತುಂಬಿದ ಸಭೆಯಲ್ಲಿ ನಿಶ್ಚಯ ಮುರೀತಾರೆ, ಬಯ್ಯುತ್ತಾರೆ, ದೇಶ ಬಿಟ್ಟು ಓಡಿಸುತ್ತಾರೆ, ಇಲ್ಲ ಕೊಲ್ಲುತ್ತಾರೆ. ಕೆಲವು ಕಥೆಗಳಲ್ಲಿ ಸತ್ತು ಹುಟ್ಟಿದವನು ಆ ಹುಡುಗಿಯ ಅಪ್ಪನೇ ಆಗಿರುತ್ತಾನೆ. ಹಳೇ ಕಥೆಯಲ್ಲಿ ಆ ಅಪ್ಪ ಮಗಳ ಮುಖ ನೋಡಿದವನಲ್ಲ. ಹೊಸದಾಗಿ ಬಂದವನಿಗೆ ಕೊನೆ ಗೊತ್ತು. ಅವನು ಮಗಳನ್ನು ಹೇಗಾದರೂ ಉಳಿಸಿಕೊಳ್ಳಬೇಕು.

“ಹೆಂಗ ಉಳಿಸ್ತಾನು?” ಅಂದೆ.

“ದೊಡ್ಡದೇನೂ ಮಾಡಾಂಗಿಲ್ಲಪ್ಪ. ಊಟಕ್ಕ ಕೂಡ ಕೂಡ್ತಾನು. ಏನಾತು ಅಂತ ಕೇಳ್ತಾನು. ಮಂದಿ ಹೇಳಿದ್ದ ಮೊದ್ಲ ನಂಬಾಂಗಿಲ್ಲ.”

ಹೇಳಿ ಮತ್ತೆ ಫೋನಿಗೆ ತಲೆ ಬಗ್ಗಿಸಿದಳು. ನನ್ನನ್ನು ಚುಚ್ಚಬೇಕು ಅಂತ ಹೇಳಿದ್ದಲ್ಲ. ಕಥೆ ಹೇಳಿದಳು ಅಷ್ಟೇ. ನಾನು ಗೋಡೆ ಕಡೆ ತಿರುಗಿ ಮಲಗಿದೆ. ರಾತ್ರಿ ಊಟಕ್ಕೆ ಕೂತಾಗ, ಆ ಟ್ರಿಪ್ಪಿನ ದುಡ್ಡಿನ ದಿನ ಏನಾಗಿತ್ತು ಅಂತ ಕೇಳಿದೆ. ರೊಟ್ಟಿ ಮುರಿಯೋದನ್ನು ನಿಲ್ಲಿಸಿ ನೋಡಿದಳು. ಹೇಳೋಕೆ ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬ್ಯಾಗಿನ ಹತ್ತಿರ ಹೋಗಿದ್ದು ನಿಜ, ಬೇರೆಯವಳ ನೀರಿನ ಬಾಟಲಿ ಸೋರುತ್ತಿತ್ತು, ಅದನ್ನು ಎತ್ತಿಡೋಕೆ ಹೋಗಿದ್ದಳು. ತಪ್ಪಾಯ್ತವ್ವಾ ಅಂದೆ. ತಟ್ಟೆಯಲ್ಲಿದ್ದ ಪುಂಡಿಪಲ್ಯ ಒಣಗಿಹೋಗಿತ್ತು.

ಇಷ್ಟೆಲ್ಲ ಆಗಿದ್ದರಿಂದಲೇ ಕೈಕೇಯಿ ಪಾತ್ರ ಅಂದಾಗ ನನಗೆ ಧಸಕ್ ಅಂದಿದ್ದು. ಈ ಸಲ ಮೊದಲೇ ತಡೀಬೇಕು ಅಂತ ನೇರ ಶಾಲೆಗೆ ಹೋದೆ. ಕನ್ನಡ ಟೀಚರು ಸಮಾಧಾನದಿಂದ ಕೇಳಿಸಿಕೊಂಡರು. “ಕುವೆಂಪು ಅವರು ರಾಮಾಯಣ ದರ್ಶನಂದಾಗ ಮಂಥರೆಯನ್ನೇ ತಾಯಿ ಮನಸ್ಸಿನವಳು ಮಾಡಿ ಬರದಾರ್ರಿ. ಮಮತೆಯ ಸುಳಿ ಮಂಥರೆ ಅಂತನ ಆ ಭಾಗದ ಹೆಸರು. ಕೈಕೇಯಿನ ಗಟ್ಟಿ ದನಿ ಇಲ್ಲದವರ ಕೈಲಿ ಮಾಡ್ಸಾಕ ಆಗೂದಿಲ್ಲ. ಮಗಳನ್ನ ಒಂದು ಮಾತು ಕೇಳಿ ಬರ್ರಿ,” ಅಂದರು.

ಮತ್ತೆ ಅದೇ ತಪ್ಪು. ಮಗಳನ್ನು ಕೇಳದೇ ಹೋಗಿದ್ದೆ.

ಕೇಳಿದೆ. ಪಾತ್ರ ಬಿಡೋದಿಲ್ಲ ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಅಪ್ಪಾ, ಕೈಕೇಯಿಗೆ ಅಪ್ಪ ಇರ್ಲಿಲ್ಲೇನು?” ಅಂದಳು.

ನನಗೆ ಗೊತ್ತಿರಲಿಲ್ಲ. ಸಣ್ಣವನಿದ್ದಾಗಿಂದ ಬಯಲಾಟ ನೋಡಿದವನು, ರಾಮಾಯಣ ಕೇಳಿದವನು. ಆದರೂ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಲೈಬ್ರರಿಯಿಂದ ವಾಲ್ಮೀಕಿ ರಾಮಾಯಣದ ಅನುವಾದ ತಂದೆ. ಅಯೋಧ್ಯಾ ಕಾಂಡವನ್ನು ಇಬ್ಬರೂ ರಾತ್ರಿ ಹೊತ್ತು ಓದಿದೆವು.

ಅಪ್ಪ ಇದ್ದ. ಕೇಕಯ ದೇಶದ ರಾಜ ಅಶ್ವಪತಿ. ಅವನಿಗೆ ಪ್ರಾಣಿ ಪಕ್ಷಿಗಳ ಮಾತು ತಿಳಿಯೋ ವರ ಇತ್ತು. ಒಂದು ರಾತ್ರಿ ಅಂಥ ಮಾತು ಕೇಳಿ ನಕ್ಕ. ಯಾಕೆ ನಕ್ಕಿರಿ ಅಂತ ಹೆಂಡತಿ ಹಟ ಹಿಡಿದಳು. ಹೇಳಿದರೆ ಅವನಿಗೆ ಸಾವು. ಬದುಕು ಇಲ್ಲವೇ ಸಾಯಿ, ಹೇಳು ಅಂದಳು. ಅವನು ಹೆಂಡತಿಯನ್ನೇ ಬಿಟ್ಟುಬಿಟ್ಟ. ಅಂದರೆ ಕೈಕೇಯಿಯ ಅಮ್ಮನನ್ನು. ಮುಂದೆ ದಶರಥನ ಅರಮನೆಯಲ್ಲಿ ಸುಮಂತ್ರ ಇದೇ ಕಥೆಯನ್ನು ಎಲ್ಲರ ಮುಂದೆ ಹೇಳಿ ಕೈಕೇಯಿಯನ್ನು ಚುಚ್ಚುತ್ತಾನೆ. ಗಂಡು ಅಪ್ಪನ ಹಾಗೆ, ಹೆಣ್ಣು ಅಮ್ಮನ ಹಾಗೆ ಅಂತಾನೆ. ತಾಯಿಯಂತೆ ಮಗಳು ನೂಲಿನಂತೆ ಸೀರೆ ಅಂತ ನಾವೂ ಅನ್ನುತ್ತೇವಲ್ಲ, ಅದೇ.

ಇನ್ನೊಂದು ಮಾತು ಆಮೇಲೆ ಚಿತ್ರಕೂಟದಲ್ಲಿ ಬರುತ್ತದೆ. ಭರತನಿಗೆ ರಾಮನೇ ಹೇಳೋದು. ಮದುವೆ ಹೊತ್ತಿನಲ್ಲಿ ರಾಜ್ಯ ಕೊಡ್ತೀನಿ ಅಂತ ನಮ್ಮಪ್ಪ ನಿನ್ನ ಅಜ್ಜನಿಗೆ ಮಾತು ಕೊಟ್ಟಿದ್ದ ಅಂತ. ಮಾತು ಕೊಟ್ಟವನು, ಈಸಿಕೊಂಡವನು ಇಬ್ಬರೂ ಗಂಡಸರು. ಕೆಟ್ಟ ಹೆಸರು ಮಾತ್ರ ಅವಳಿಗೆ. ಕೈಕೇಯಿ ಮಾಡಿದ್ದು ಸರಿ ಅಂತ ನಾನು ಹೇಳ್ತಿಲ್ಲ. ರಾಮ ಕಾಡಿಗೆ ಹೋದ, ದಶರಥ ಸತ್ತ. ಆದರೆ ಪಟ್ಟಾಭಿಷೇಕದ ಹಿಂದಿನ ದಿನ ಭರತ ಎಲ್ಲಿದ್ದ? ಕೇಕಯದಲ್ಲಿ, ಅಜ್ಜನ ಮನೆಯಲ್ಲಿ. ಮೊಮ್ಮಗ ಅಜ್ಜನ ಹತ್ತಿರ ಇದ್ದ. ಮಗಳು ಒಬ್ಬಳೇ ಮಂಥರೆಯ ಹತ್ತಿರ ಇದ್ದಳು. ಹಕ್ಕಿಯ ಮಾತು ತಿಳಿಯೋ ಅಪ್ಪನಿಗೆ ಮಗಳ ಮಾತು ಮುಟ್ಟಲೇ ಇಲ್ಲ.

ಇದನ್ನು ಓದಿದ ರಾತ್ರಿ ಮಗಳು ಪುಸ್ತಕದ ಮೇಲೆ ಗಲ್ಲ ಇಟ್ಟು ಬಹಳ ಹೊತ್ತು ಕೂತಿದ್ದಳು.

ಗ್ಯಾದರಿಂಗ್ ಆರಕ್ಕೆ ಅಂದಿದ್ದರು. ಶುರುವಾಗಿದ್ದು ಏಳೂವರೆಗೆ. ಭಾಷಣ, ಬಹುಮಾನ, ಸಣ್ಣ ಮಕ್ಕಳ ಡ್ಯಾನ್ಸು ಎಲ್ಲಾ ಆಗಿ ನಾಟಕ ಬಂದಾಗ ಒಂಬತ್ತು ಗಂಟೆ. ನಾನು ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದೆ. ಅವಳಿಗೆ ಕಾಣಲಿ ಅಂತ ಬೇಕಂತಲೇ ಬಿಳಿ ಅಂಗಿ ಹಾಕಿದ್ದೆ.

ಪರದೆ ಸರಿಯಿತು. ಕೈಕೇಯಿ ಒಬ್ಬಳೇ ಕುರ್ಚಿಯ ಮೇಲೆ. ಹಿಂದಿನಿಂದ ಹುಡುಗರ ಸೀಟಿ ಬಂತು. “ಬಂದ್ಲಪಾ ಕೈಕೇಯಿ” ಅಂತ ಯಾರೋ ಕೂಗಿದರು. ಮಂಥರೆ ಬಾಗಿದ ಬೆನ್ನಿನ ಮೇಲೆ ಶಾಲು ಹೊದ್ದು ಬಂದಳು. ನಾಟಕದಲ್ಲಿ ಮೊದಲ ಮಾತು ಮಂಥರೆಯದೇ. ಮನೆಯಲ್ಲಿ ನೂರು ಸಲ ಕೇಳಿದ್ದರಿಂದ ನನಗೂ ಬಾಯಿಪಾಠ ಆಗಿತ್ತು. ಆದರೆ ಅವಳು ಬಾಯಿ ತೆರೆಯೋ ಮೊದಲೇ ನನ್ನ ಮಗಳು ಕೇಳಿದಳು.

“ಮಂಥರೆ, ತವರಿನಿಂದ ಓಲೆ ಬಂತೇ? ನನ್ನ ತಂದೆ ಏನಾದರೂ ಬರೆದಿದ್ದಾರೆಯೇ?”

ಆ ಮಾತು ನಾಟಕದಲ್ಲಿ ಇರಲಿಲ್ಲ. ಮಂಥರೆಯಾದ ಹುಡುಗಿ ಗಾಬರಿಯಾಗಿ ಪರದೆ ಕಡೆ ನೋಡಿದಳು. ಪಕ್ಕದಲ್ಲಿ ನಿಂತ ಟೀಚರು ಕೈ ಬಾಯಿಗೆ ಇಟ್ಟುಕೊಂಡರು. ಪಾಪ, ಆ ಹುಡುಗಿಗೆ ಏನೂ ತೋಚಲಿಲ್ಲ. ಸಣ್ಣ ದನಿಯಲ್ಲಿ, “ಇಲ್ಲ,” ಅಂದಳು.

“ಇವತ್ತೂ ಇಲ್ಲವೇ?” ಅಂದಳು ಕೈಕೇಯಿ. ಅಷ್ಟು ದೊಡ್ಡ ದನಿಯ ಹುಡುಗಿ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸೀಟಿ ನಿಂತಿತ್ತು. ಪಕ್ಕದ ಹೆಣ್ಣುಮಗಳೊಬ್ಬರು ಮಡಿಲಲ್ಲಿದ್ದ ಕೂಸನ್ನು ಸ್ವಲ್ಪ ಬಿಗಿಯಾಗಿ ಹಿಡಿದರು. ಆಮೇಲೆ ನಾಟಕ ತನ್ನ ದಾರಿ ಹಿಡಿಯಿತು. ವರ ಕೇಳಿದಳು, ದಶರಥ ಬಿದ್ದ, ರಾಮ ನಾರುಮಡಿ ಉಟ್ಟು ಹೊರಟ. ಏನೂ ಬದಲಾಗಲಿಲ್ಲ. ಆದರೆ ಅವಳಿಗೆ ಯಾರೂ ಮತ್ತೆ ಕೂಗು ಹಾಕಲಿಲ್ಲ.

ಮನೆಗೆ ಹೋಗುವಾಗ ಗಾಡಿ ನಿಲ್ಲಿಸಿ ಗಿರ್ಮಿಟ್ಟು, ಮಿರ್ಚಿ ಕಟ್ಟಿಸಿದೆ. ಸೀರೆಗೆ ಎಣ್ಣೆ ತಾಗಿದರೆ ಆಯಿ, ಅಂದರೆ ನಮ್ಮವ್ವ, ಬಿಡೋದಿಲ್ಲ ಅಂತ ಮಗಳು ಪೊಟ್ಟಣವನ್ನು ದೂರ ಹಿಡಿದು ಕೂತಿದ್ದಳು. ಯಾಕೆ ಹಾಗೆ ಕೇಳಿದೆ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಗಾಡಿ ಓಡುವಾಗ ಬೆನ್ನಿಗೆ ತಲೆ ಆನಿಸಿ ನಿದ್ದೆ ಹೋದಳು. ಬೀಳಬಾರದು ಅಂತ ಮನೆತನಕ ನಿಧಾನ ಬಂದೆ.

ಮರುದಿನ ಬೆಳಗ್ಗೆ ಅವ್ವ ಸೀರೆಯನ್ನು ಬಿಸಿಲಿಗೆ ಹಾಕಿ, ಆಮೇಲೆ ಮಡಚೋಕೆ ಕೂತಳು. ನಾಟಕಕ್ಕೆ ಅವಳು ಬಂದಿರಲಿಲ್ಲ. ಮೊಮ್ಮಗಳು ಓಲೆಯ ಮಾತನ್ನು ಮತ್ತೊಮ್ಮೆ ಮಾಡಿ ತೋರಿಸಿದಳು. ಅವ್ವ ಕೇಳುತ್ತಾ ಕೊಂಡಿಯ ಸಾಲಿನ ಮೇಲೆ ಬೆರಳು ಆಡಿಸಿದಳು, ಎಲ್ಲಾದರೂ ಎಳೆ ಬಿಟ್ಟಿದೆಯಾ ಅಂತ.

“ನನ್ನ ಹದಿಮೂರಕ್ಕ ಕೊಟ್ರು,” ಅಂದಳು. “ನಮ್ಮಪ್ಪನೂ ಒಂದು ಕಾಗದ ಹಾಕ್ಲಿಲ್ಲ.”

ಅವ್ವ ನನ್ನ ಅಜ್ಜನ ಬಗ್ಗೆ ಹೀಗೆ ಮಾತಾಡಿದ್ದು ಇದೇ ಮೊದಲು. ಮಗಳು ಎದ್ದು ಹೋಗಿ ಆಯಿಯ ಪಕ್ಕ ಕೂತಳು. ನಾನು ಪಿಗ್ಮಿ ಮಷಿನ್ ಕೆಳಗಿಟ್ಟು ಸೀರೆಯ ಇನ್ನೊಂದು ತುದಿ ಹಿಡಿದೆ.

“ಆಮ್ಯಾಲೆ ಏನಾತು ಆಯಿ?” ಅಂದಳು ಮಗಳು.