ಗರಟೆ, ಅಡಿಕೆ ಮತ್ತು ನಮ್ಮ ಡ್ರಾಯಿಂಗ್ ಮಾಸ್ತರು

ಶಿರಸಿಯ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ಜಾದೂ ಮಾಡಿ ಒಂದು ರೂಪಾಯಿಯನ್ನೂ ದುಡಿದವರಲ್ಲ. ಶಾಲೆಯ ಗ್ಯಾದರಿಂಗ್, ಗಣಪತಿ ಹಬ್ಬ, ಯಾರದೋ ಮನೆಯ ಉಪನಯನ, ಎಲ್ಲಿ ಕರೆದರೂ ಹೋಗುತ್ತಿದ್ದರು. ಊಟ ಮಾಡಿ ಬರುತ್ತಿದ್ದರು, ಅಷ್ಟೇ. ಆಟ ಶುರು ಮಾಡುವ ಮೊದಲು ಒಂದು ಮಾತು ತಪ್ಪದೇ ಹೇಳುತ್ತಿದ್ದರು: "ಇದು ಮಂತ್ರ ಅಲ್ಲ, ಮಾಟ ಅಲ್ಲ. ಕೈಚಳಕ. ಕಲಿತರೆ ನಿಮಗೂ ಬರ್ತದೆ."

ಅವರ ಸಾಮಾನು ಅಂದರೆ ಉಜ್ಜಿ ನಯ ಮಾಡಿದ ಮೂರು ತೆಂಗಿನ ಗರಟೆ, ಮೂರು ಚಾಲಿ ಅಡಿಕೆ. ಬಟ್ಟಲು-ಚೆಂಡಿನ ಈ ಆಟ ಬಹಳ ಹಳೆಯದು. ಹಿಂದೆ ರೋಮಿನಲ್ಲೂ ಆಡುತ್ತಿದ್ದರು, ನಮ್ಮ ಸಂತೆಗಳಲ್ಲಿ ಗಾರುಡಿಗರೂ ಆಡುತ್ತಿದ್ದರು. ಮಾಸ್ತರು ಅದನ್ನು ತೋಟದ ಸಾಮಾನಿಗೆ ಹೊಂದಿಸಿಕೊಂಡಿದ್ದರು. ಅಡಿಕೆಯನ್ನು ಎಡಗೈಗೆ ಹಾಕಿ ಮುಚ್ಚುವರು, ತೆರೆದರೆ ಖಾಲಿ. ನಡುವಿನ ಗರಟೆ ಎತ್ತಿದರೆ ಮೂರೂ ಅಡಿಕೆ ಅಲ್ಲೇ ಇರುತ್ತಿದ್ದವು. ಕೊನೆಗೆ ಒಂದೊಂದೇ ಗರಟೆ ಎತ್ತಿದಾಗ ಪ್ರತಿಯೊಂದರ ಕೆಳಗೂ ಒಂದು ಲಿಂಬೆಹಣ್ಣು! ಅದು ಯಾವಾಗ ಒಳಗೆ ಹೋಯಿತು ಅಂತ ಮುಂದಿನ ಬೆಂಚಿನಲ್ಲಿ ಕೂತ ನಮಗೂ ತಿಳಿಯುತ್ತಿರಲಿಲ್ಲ.

ಗುಟ್ಟು ಕೇಳಿದರೆ ಒಂದು ಅಡಿಕೆ ಕೊಟ್ಟು ಕಳಿಸುತ್ತಿದ್ದರು. ಅದನ್ನು ಅಂಗೈಯಲ್ಲಿ ಅಡಗಿಸಿಕೊಂಡೇ ಬರೆಯಬೇಕು, ನೀರು ಕುಡಿಯಬೇಕು, ಸೈಕಲ್ ಹೊಡೆಯಬೇಕು. "ಅಡಿಕೆ ಇದೆ ಅನ್ನೋದು ಕೈಗೇ ಮರೆತುಹೋಗಬೇಕು ತಮಾ. ಕೈಗೆ ನೆನಪಿದ್ದರೆ ನೋಡುವವನಿಗೂ ಗೊತ್ತಾಗ್ತದೆ." ಒಂದು ದಿನ ಬೋರ್ಡಿನ ಮೇಲೆ ತೇರಿನ ಚಿತ್ರ ಪೂರ್ತಿ ಬರೆದು ಮುಗಿಸಿ, ಸೀಮೆಸುಣ್ಣ ಹಿಡಿದಿದ್ದ ಕೈ ಬಿಚ್ಚಿದರು. ಅಂಗೈಯಲ್ಲಿ ಅಡಿಕೆ ಇತ್ತು.

ಅವರಿಗೆ ಬಂಗಾಳದ ಜಾದೂಗಾರ ಪಿ. ಸಿ. ಸರ್ಕಾರ್ ಅಂದರೆ ದೇವರು. 1956ರಲ್ಲಿ ಸರ್ಕಾರ್ ಬಿಬಿಸಿ ಟಿವಿಯಲ್ಲಿ ಹುಡುಗಿಯೊಬ್ಬಳನ್ನು ಗರಗಸದಿಂದ ಎರಡು ತುಂಡು ಮಾಡುವ ಆಟ ತೋರಿಸಿದ್ದರು. ಅವಳನ್ನು ಎಬ್ಬಿಸುವಷ್ಟರಲ್ಲಿ ಕಾರ್ಯಕ್ರಮದ ಸಮಯ ಮುಗಿದುಹೋಯಿತು. ನಿಜವಾಗಿಯೂ ಸತ್ತಳು ಅಂತ ಜನ ಗಾಬರಿಯಾಗಿ ಫೋನ್ ಮೇಲೆ ಫೋನ್ ಮಾಡಿದರು. ಈ ಕಥೆ ಹೇಳುವಾಗ ಮಾಸ್ತರು ಸಹ ಸರಿಯಾದ ಜಾಗದಲ್ಲಿ ನಿಲ್ಲಿಸಿ, ಗಂಟೆ ಹೊಡೆಯುವವರೆಗೆ ನಮ್ಮನ್ನು ಕಾಯಿಸುತ್ತಿದ್ದರು.

ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ತೋರಿಸಲು ಇಡೀ ಕ್ಲಾಸನ್ನೇ ಕರೆದುಕೊಂಡು ಹೋಗಿದ್ದರು. ದಿನಾ ಆ ದಾರಿಯಲ್ಲೇ ಓಡಾಡುತ್ತಿದ್ದರೂ ನಾವ್ಯಾರೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿ ಇರುವಾಗಲೇ ಮೊನೆಯಿಂದ ಕೆರೆಯುತ್ತಾರೆ. ಕೆರೆದಲ್ಲಿ ಅಡಿಯ ಬಿಳಿ ಕಾಣುತ್ತದೆ. "ಬಣ್ಣ ಹಚ್ಚಿದ್ದಲ್ಲ, ತೆಗೆದದ್ದು. ಒಳಗೆ ಮೊದಲೇ ಇತ್ತು, ಲಿಂಬೆಹಣ್ಣಿನ ಹಾಗೆ" ಅಂದರು.

ಯಕ್ಷಗಾನದ ಹುಚ್ಚೂ ಜಾಸ್ತಿ. ಕೆರೆಮನೆ ಶಂಭು ಹೆಗಡೆಯವರ ಆಟ ಇದ್ದರೆ ಬೆಳಗಿನವರೆಗೆ ಕೂರುತ್ತಿದ್ದರು. ತಾವೂ ಸಣ್ಣಪುಟ್ಟ ವೇಷ ಮಾಡುತ್ತಿದ್ದರು. ಆದರೆ ಅವರ ಮನಸ್ಸು ಇರುತ್ತಿದ್ದದ್ದು ವೇಷ ಕಟ್ಟುವ ಚೌಕಿಯಲ್ಲಿ, ತಲೆಗೆ ಮುಂದಲೆ ಕಟ್ಟುವುದರಲ್ಲಿ, ಬಣ್ಣ ಬರೆಯುವುದರಲ್ಲಿ. ಮಾರಿ ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೀದಿಯಲ್ಲಿ ಕುಣಿಯುವ ಬೇಡರ ವೇಷ ಬರುತ್ತದಲ್ವಾ, ಆಗ ನಮ್ಮ ಓಣಿಯ ಬೇಡನಿಗೆ ಮುಖ ಬರೆಯುವವರು ಇವರೇ. ಬೆನ್ನಿಗೆ ನವಿಲುಗರಿ ಕಟ್ಟಿಸಿಕೊಂಡು ನಿಂತ ಹುಡುಗನ ಹುಬ್ಬನ್ನು ಎರಡು ಬೆರಳು ದಪ್ಪ ಎಳೆಯುತ್ತಿದ್ದರು. ಆಮೇಲೆ ಬೀದಿಯ ಆ ತುದಿಗೆ ನಡೆದು ಹೋಗಿ ಅಲ್ಲಿಂದ ನೋಡಿ, ಮತ್ತೆ ಬಂದು ತಿದ್ದುತ್ತಿದ್ದರು. ದೂರ ನಿಂತವನಿಗೂ ಕಣ್ಣು ಕಾಣಬೇಕು ಅನ್ನುವುದು ಅವರ ಹಟ.

ಒಂದೇ ಕಲೆ ಹಿಡಿದಿದ್ದರೆ ದೊಡ್ಡ ಹೆಸರು ಮಾಡುತ್ತಿದ್ದರು ಅಂತ ಊರಲ್ಲಿ ಈಗಲೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಹಿಡಿದದ್ದು ಒಂದನ್ನೇ. ನೋಡುವವರ ಕಣ್ಣು ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದನ್ನು ಗರಟೆಯಲ್ಲಿ, ಗೋಡೆಯಲ್ಲಿ, ಬೇಡನ ಮುಖದಲ್ಲಿ ಜೀವಮಾನವಿಡೀ ಹುಡುಕಿದರು. ನಾನು ಇವತ್ತು ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದೇನೆ. ಎಲ್ಲಿ ನಿಂತು ನೋಡಬೇಕು ಅನ್ನುವುದನ್ನು ಕಲಿತದ್ದು ಅವರಿಂದಲೇ.

ಮಾಸ್ತರು ತೀರಿಕೊಂಡ ಮೇಲೆ ಅವರ ನೋಟ್‌ಬುಕ್ಕುಗಳು ಮಗಳ ಹತ್ತಿರ ಇವೆ. ಒಂದೊಂದು ಆಟಕ್ಕೂ ಕೈಯ ಚಿತ್ರ, ಬೆರಳು ಹೇಗಿರಬೇಕು ಅನ್ನುವ ಗುರುತು, ಪಕ್ಕದಲ್ಲಿ ಮುಂದಲೆಯ ಅಳತೆ, ಎಲ್ಲ ಒಟ್ಟಿಗೇ ಇದೆ. ಅವನ್ನು ಶಾಲೆಯ ಲೈಬ್ರರಿಗೆ ಕೊಡಲು ಮಗಳು ಒಪ್ಪಿದ್ದಾರೆ. ಕಲಿಯುವ ಮನಸ್ಸಿದ್ದ ಮಕ್ಕಳು ಕೇಳಿದರೆ ತೆಗೆದು ತೋರಿಸಿ ಅಂತ ಶಾಲೆಯವರಲ್ಲಿ ನನ್ನ ವಿನಂತಿ. ಅಡಿಕೆ ಮಕ್ಕಳೇ ತರಲಿ.